ಒಂದು ಹಲ್ಲು ಕಡಿಮೆಯ ಚಕ್ರ

ಬ್ರಿಟನ್ನಿನ ಪುಟಾಣಿ ಕಾರು ‘ಮಿನಿ’ಗೆ ಮಳೆಯೆಂದರೆ ಆಗದು. 1959ರಲ್ಲಿ ರಸ್ತೆಗಿಳಿದ ಈ ಕಾರನ್ನು ರೂಪಿಸಿದ ಅಲೆಕ್ ಇಸಿಗೋನಿಸ್, ಜಾಗ ಉಳಿಸಲೆಂದು ಎಂಜಿನ್ನನ್ನು ಅಡ್ಡಲಾಗಿ ಕೂರಿಸಿದರು. ಕಾರಿನೊಳಗೆ ನಾಲ್ಕು ಜನ ಆರಾಮವಾಗಿ ಕುಳಿತರು. ಆದರೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮಾತ್ರ ಕಾರಿನ ಮೂತಿಗೇ, ಜಾಲರಿಯ ಬೆನ್ನಿಗೇ ಬಂದು ನಿಂತಿತು. ಎದುರಿಗೆ ಬಂದ ಲಾರಿ ಎರಚಿದ ನೀರೆಲ್ಲ ಅದರ ಮೇಲೆ. ನೀರು ಬಿದ್ದರೆ ಕಿಡಿ ಹೋಗಬೇಕಾದಲ್ಲಿಗೆ ಹೋಗದೆ ದಾರಿಯಲ್ಲೇ ಸೋರಿಹೋಗುತ್ತದೆ, ಕಾರು ನಡುರಸ್ತೆಯಲ್ಲಿ ನಿಲ್ಲುತ್ತದೆ. ಇದಕ್ಕೆ ಅಲ್ಲಿನವರು ಕಂಡುಕೊಂಡ ಉಪಾಯ ಪಾತ್ರೆ ತೊಳೆಯುವ ರಬ್ಬರ್ ಕೈಗವಸು! ಬೆರಳುಗಳ ತುದಿ ಕತ್ತರಿಸಿ ಡಿಸ್ಟ್ರಿಬ್ಯೂಟರ್‌ಗೆ ತೊಡಿಸುವುದು. ಸ್ಪಾರ್ಕ್ ಪ್ಲಗ್‌ಗಳಿಗೆ ಹೋಗುವ ನಾಲ್ಕು ತಂತಿ, ಕಾಯಿಲ್‌ನಿಂದ ಬರುವ ಒಂದು ತಂತಿ. ಐದು ಬೆರಳಿಗೆ ಐದು ತಂತಿ, ಲೆಕ್ಕ ಸರಿಹೋಯಿತು.

2000ದಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 53 ಲಕ್ಷಕ್ಕೂ ಹೆಚ್ಚು ಮಿನಿಗಳು ಹೊರಬಂದಿದ್ದವು. ಅವುಗಳನ್ನು ಮುದ್ದಿನಿಂದ ಸಾಕಿಕೊಂಡಿರುವ ಹವ್ಯಾಸಿಗಳಲ್ಲಿ ಹಲವರು ಕೈಗವಸನ್ನು ಮಾತ್ರವಲ್ಲ, ಡಿಸ್ಟ್ರಿಬ್ಯೂಟರನ್ನೇ ಕಿತ್ತುಹಾಕಿ, ಆ ತೂತಿಗೊಂದು ಮುಚ್ಚಳ ಬಿಗಿದು, ಅದರ ಕೆಲಸವನ್ನು ಮನೆಯಲ್ಲೇ ಜೋಡಿಸಿದ ಪುಟ್ಟ ಗಣಕಕ್ಕೆ ಒಪ್ಪಿಸಿದ್ದಾರೆ. ಬೆಸುಗೆ ಕಡ್ಡಿ, ಗುಜರಿಯಿಂದ ತಂದ ಕೆಲವು ಬಿಡಿಭಾಗ, ಹೈಸ್ಕೂಲಿನ ಭೌತಶಾಸ್ತ್ರ ಇವಿಷ್ಟರಿಂದ ಆಗುವ ಕೆಲಸ ಇದು. ಆದರೆ ಎಡವಿದರೆ ಎಂಜಿನ್ನೇ ಹೋದೀತು.

ಅಂಬಾಸಡರ್ ಕಾಲದ ಡಬ್ಬಿ

ಅಂಬಾಸಡರ್, ಪದ್ಮಿನಿ ಕಾರುಗಳನ್ನು ಓಡಿಸಿದ ಹಿರಿಯರಿಗೆ ಡಿಸ್ಟ್ರಿಬ್ಯೂಟರ್ ಹೊಸದೇನಲ್ಲ. 2014ರವರೆಗೆ ತಯಾರಾದ ಅಂಬಾಸಡರ್‌ನ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್, ಮಿನಿಯ ಎಂಜಿನ್ನಿಗೆ ಅಣ್ಣನೇ ಆಗಬೇಕು. ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಕೂಸುಗಳು. ಬೆಳಿಗ್ಗೆ ಕಾರು ಹೊರಡದಿದ್ದರೆ ಕಪ್ಪು ಮುಚ್ಚಳ ತೆಗೆದು, ಪಾಯಿಂಟುಗಳನ್ನು ಉಪ್ಪುಕಾಗದದಿಂದ ಉಜ್ಜಿ, ಫೀಲರ್ ಗೇಜ್ ತೂರಿಸಿ ಸಂದು ಸರಿಮಾಡುವುದು ಆಗ ಪ್ರತಿಯೊಬ್ಬ ಚಾಲಕನಿಗೂ ಬರುತ್ತಿದ್ದ ವಿದ್ಯೆ.

1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲಾಕ್ ಕಾರಿಗೆಂದು ರೂಪಿಸಿದ ಏರ್ಪಾಡು ಇದು. ಪಾಯಿಂಟುಗಳು ಕೂಡಿದ್ದಾಗ ಕಾಯಿಲ್‌ನಲ್ಲಿ 12 ವೋಲ್ಟಿನ ಬ್ಯಾಟರಿಯ ವಿದ್ಯುತ್ ಹರಿದು ಕಾಂತಕ್ಷೇತ್ರ ಬೆಳೆಯುತ್ತದೆ. ಪಾಯಿಂಟು ಬಿಟ್ಟುಕೊಂಡೊಡನೆ ಆ ಕ್ಷೇತ್ರ ಥಟ್ಟನೆ ಕುಸಿಯುತ್ತದೆ. ಕಾಯಿಲ್‌ನ ಎರಡನೆಯ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನ ಸಂದಿನಲ್ಲಿ ಕಿಡಿಯಾಗಿ ಹಾರುತ್ತದೆ. ತಿರುಗುವ ರೋಟರ್ ಅದನ್ನು ಸರದಿಯಂತೆ ಒಂದೊಂದು ಸಿಲಿಂಡರ್‌ಗೆ ಹಂಚುತ್ತದೆ. ಪರಿವರ್ತಕದ ಪಾಠ ಓದಿದ ಹತ್ತನೇ ತರಗತಿಯ ಹುಡುಗನಿಗೆ ಇದರಲ್ಲಿ ತಿಳಿಯದ್ದೇನೂ ಇಲ್ಲ.

ಆ ಡಬ್ಬಿಯ ನಿಜವಾದ ಜಾಣತನ ಇರುವುದು ಹಂಚುವುದರಲ್ಲಲ್ಲ, ಗಳಿಗೆ ನೋಡುವುದರಲ್ಲಿ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕಿಡಿ ಬಿದ್ದೊಡನೆ ಪೂರ್ತಿ ಉರಿದುಬಿಡುವುದಿಲ್ಲ. ಜ್ವಾಲೆ ಹರಡಲು ಸಮಯ ಬೇಕು. ಅದು 2 ಮಿಲಿಸೆಕೆಂಡು ಎಂದಿಟ್ಟುಕೊಳ್ಳೋಣ. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುತ್ತಿದ್ದರೆ ಆ ಅವಧಿಯಲ್ಲಿ ಕ್ರ್ಯಾಂಕ್ ಶಾಫ್ಟ್ 12 ಡಿಗ್ರಿ ತಿರುಗಿರುತ್ತದೆ. 3000 ಸುತ್ತಿನಲ್ಲಾದರೆ 36 ಡಿಗ್ರಿ! (ವೇಗ ಹೆಚ್ಚಿದಂತೆ ಒಳಗಿನ ಗಾಳಿಯ ಸುಳಿಗಳು ಜ್ವಾಲೆಯನ್ನು ಬೇಗ ಹರಡಿಸುವುದರಿಂದ ನಿಜವಾದ ವ್ಯತ್ಯಾಸ ಇಷ್ಟಿರುವುದಿಲ್ಲ.) ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹೊತ್ತಬೇಕು, ಎಷ್ಟು ಮೊದಲು ಎಂಬುದು ವೇಗವನ್ನೂ ಹೊರೆಯನ್ನೂ ಅವಲಂಬಿಸಿದೆ. ಇದನ್ನೇ ಮೆಕ್ಯಾನಿಕ್‌ಗಳು ‘ಅಡ್ವಾನ್ಸ್’ ಎನ್ನುವುದು. ಡಿಸ್ಟ್ರಿಬ್ಯೂಟರ್ ಈ ಲೆಕ್ಕವನ್ನು ಎರಡು ಪುಟ್ಟ ತೂಕದ ಬಿಲ್ಲೆ, ಎರಡು ಸ್ಪ್ರಿಂಗು, ನಿರ್ವಾತಕ್ಕೆ ಹಿಗ್ಗಿ ಕುಗ್ಗುವ ಒಂದು ಪೊರೆ ಇವುಗಳಿಂದಲೇ ಮಾಡಿಕೊಂಡು ಬಂತು. ಆದರೆ ಮೂವತ್ತು ವರ್ಷ ದುಡಿದ ಸ್ಪ್ರಿಂಗು ಸಡಿಲಾಗದೆ ಇರುತ್ತದೆಯೇ? ಪೊರೆ ಹರಿಯುತ್ತದೆ, ಬುಷ್ ಸವೆಯುತ್ತದೆ. ಗಳಿಗೆ ತಪ್ಪುತ್ತದೆ.

ಗುಜರಿಯ ಫೋರ್ಡ್

ಬ್ರಿಟನ್ನಿನ ಹವ್ಯಾಸಿಗಳ ಕೈಗೆ ಇಲ್ಲೊಂದು ಅದೃಷ್ಟ ಸಿಕ್ಕಿತು. 1990ರ ದಶಕದ ಕೆಲವು ಫೋರ್ಡ್ ಎಸ್ಕಾರ್ಟ್, ಫಿಯೆಸ್ಟಾ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲದ ‘ಇಡಿಐಎಸ್’ ಎಂಬ ವ್ಯವಸ್ಥೆ ಇತ್ತು. ಆ ಕಾರುಗಳು ಹಳತಾಗಿ ಗುಜರಿ ಸೇರಿದಾಗ ಅದರ ಮಾಡ್ಯೂಲು, ಜೋಡಿ ಕಾಯಿಲ್, ಸೆನ್ಸರ್ ಎಲ್ಲ ಅಗ್ಗವಾಗಿ ಸಿಕ್ಕತೊಡಗಿದವು.

ಈ ವ್ಯವಸ್ಥೆಯ ಹೃದಯ ಒಂದು ಉಕ್ಕಿನ ಹಲ್ಲಿನ ಚಕ್ರ. ಸುತ್ತಲೂ 36 ಹಲ್ಲಿಗೆ ಜಾಗ. ಇರುವುದು ಮಾತ್ರ 35. ಹಲ್ಲಿಗೆ ಹತ್ತು ಡಿಗ್ರಿಯಂತೆ ಇದನ್ನು ಕ್ರ್ಯಾಂಕ್ ಶಾಫ್ಟಿನ ಪುಲ್ಲಿಗೆ ಜೋಡಿಸುತ್ತಾರೆ. ಪಕ್ಕದಲ್ಲಿ ಸುಮಾರು 1 ಮಿಲಿಮೀಟರ್ ಅಂತರದಲ್ಲಿ ಸೆನ್ಸರ್. ಅದರೊಳಗೆ ಇರುವುದು ಒಂದು ಅಯಸ್ಕಾಂತ, ಅದಕ್ಕೆ ಸುತ್ತಿದ ತಂತಿ, ಅಷ್ಟೇ. ಹಲ್ಲು ಹತ್ತಿರ ಬಂದಾಗ, ದೂರ ಹೋದಾಗ ಕಾಂತಕ್ಷೇತ್ರ ಬದಲಾಗಿ ತಂತಿಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ. ಫ್ಯಾರಡೆ 1831ರಲ್ಲಿ ಕಂಡದ್ದು ಇದನ್ನೇ. ಹಲ್ಲಿಲ್ಲದ ಜಾಗ ಬಂದಾಗ ಎಣಿಕೆಯಲ್ಲಿ ಒಂದು ತೆರಪು. ಆ ತೆರಪೇ ಗುರುತಿನ ಕಲ್ಲು. ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ, ಒಂದನೆಯ ಪಿಸ್ಟನ್ ಮೇಲ್ತುದಿ ತಲುಪಲು ಇನ್ನೂ 90 ಡಿಗ್ರಿ ಇರುವಾಗ ತೆರಪು ಸೆನ್ಸರಿನ ಎದುರು ಬರುವಂತೆ ಚಕ್ರವನ್ನು ಕೂರಿಸುತ್ತಾರೆ. ಇನ್ನು ಒಂಬತ್ತು ಹಲ್ಲು ಎಣಿಸಿದರೆ ಪಿಸ್ಟನ್ ತುದಿಯಲ್ಲಿದೆ ಎಂದೇ ಅರ್ಥ.

ಇಲ್ಲಿ ಒಂದು ಕಾಯಿಲ್ ಎರಡು ಸಿಲಿಂಡರ್‌ಗಳಿಗೆ ಏಕಕಾಲದಲ್ಲಿ ಕಿಡಿ ಕೊಡುತ್ತದೆ. 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಒಂದರಲ್ಲಿ ಮಿಶ್ರಣ ಉರಿಯುತ್ತಿರುವಾಗ ಇನ್ನೊಂದು ಹೊಗೆ ಹೊರಹಾಕುತ್ತಿರುತ್ತದೆ; ಅಲ್ಲಿ ಬಿದ್ದ ಕಿಡಿ ವ್ಯರ್ಥ. ವ್ಯರ್ಥವಾದರೂ ನಷ್ಟವಿಲ್ಲ, ರೋಟರ್ ಬೇಕಿಲ್ಲ, ಮಳೆಗೆ ಹೆದರಬೇಕಿಲ್ಲ. ಮಿನಿ ತಯಾರಿಸುತ್ತಿದ್ದ ರೋವರ್ ಕಂಪನಿಯೇ 1996ರಲ್ಲಿ ಹೊರತಂದ ಮಾದರಿಯಲ್ಲಿ ಡಿಸ್ಟ್ರಿಬ್ಯೂಟರ್ ಕೈಬಿಟ್ಟು ಇದೇ ವಿಧಾನ ಹಿಡಿಯಿತು.

ಎಣಿಕೆಯನ್ನೂ ಕಿಡಿಯನ್ನೂ ಫೋರ್ಡ್ ಮಾಡ್ಯೂಲ್ ನೋಡಿಕೊಳ್ಳುತ್ತದೆ. ಎಷ್ಟು ಅಡ್ವಾನ್ಸ್ ಎಂದು ಹೇಳುವ ಯಜಮಾನ ಮಾತ್ರ ಬೇಕು. ಆ ಸ್ಥಾನಕ್ಕೆ ಬಂದದ್ದು ‘ಮೆಗಾಜೋಲ್ಟ್ ಲೈಟ್ ಜೂನಿಯರ್’ ಎಂಬ, ಬಿಡಿಭಾಗಗಳ ಕಿಟ್ ತಂದು ಮನೆಯಲ್ಲಿ ಬೆಸೆದುಕೊಳ್ಳಬಹುದಾದ ಪೆಟ್ಟಿಗೆ. ಮಾಡ್ಯೂಲ್ ಪ್ರತಿ ಸುತ್ತಿಗೆ ಎರಡು ಸಲ ಸಂಕೇತ ಕಳಿಸುತ್ತದೆ. ಪೆಟ್ಟಿಗೆ ಅವುಗಳ ನಡುವಿನ ಅವಧಿ ಅಳೆದು ವೇಗ ತಿಳಿಯುತ್ತದೆ, ಇನ್ನೊಂದು ಸೆನ್ಸರಿನಿಂದ ಹೊರೆ ತಿಳಿಯುತ್ತದೆ. ಹತ್ತು ವೇಗ, ಹತ್ತು ಹೊರೆ, ಒಟ್ಟು ನೂರು ಮನೆಗಳ ಕೋಷ್ಟಕದಲ್ಲಿ ಉತ್ತರ ಹುಡುಕಿ ಮಾಡ್ಯೂಲ್‌ಗೆ ಒಂದು ಮಿಡಿತವನ್ನು ವಾಪಸು ಕಳಿಸುತ್ತದೆ. ಆ ಮಿಡಿತದ ಉದ್ದವೇ ಆಜ್ಞೆ. 1536 ಮೈಕ್ರೋಸೆಕೆಂಡಿನಿಂದ, ಡಿಗ್ರಿಗೆ 25.6ರಂತೆ ಕಳೆಯುತ್ತ ಹೋಗಬೇಕು. ಅಡ್ವಾನ್ಸ್ ಸೊನ್ನೆಯಾದರೆ 1536, 10 ಡಿಗ್ರಿಗೆ 1280, 20ಕ್ಕೆ 1024, 30ಕ್ಕೆ 768. ಇದೊಂದು ಸರಳರೇಖೆಯ ಸಮೀಕರಣ. ಗ್ರಾಫ್ ಹಾಳೆಯಲ್ಲಿ ಎಳೆದು ನೋಡಬಹುದು.

ಪೆಟ್ಟಿಗೆ ಕೆಟ್ಟು ಮಿಡಿತ ಬಾರದೇ ಹೋದರೆ? ಫೋರ್ಡಿನವರು ಅದನ್ನೂ ಯೋಚಿಸಿದ್ದರು. ಮಾಡ್ಯೂಲ್ ತಾನೇ 10 ಡಿಗ್ರಿಗೆ ಕಿಡಿ ಕೊಡುತ್ತ ಹೋಗುತ್ತದೆ. ಕಾರು ಕುಂಟುತ್ತ ಮನೆ ಸೇರುತ್ತದೆ. ಮನೆಯಲ್ಲಿ ಬೆಸೆದ ಪೆಟ್ಟಿಗೆಯನ್ನು ನಂಬಿ ಹೊರಟವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರಿಲ್ಲ.

ಗಂಡಾಂತರ ಎಲ್ಲಿದೆ?

ಪೆಟ್ಟಿಗೆ ಬೆಸೆಯುವುದು ಎರಡು ಸಂಜೆಯ ಕೆಲಸ. ಜೋಡಿಸುವುದರಲ್ಲೇ ಇರುವುದು ಪರೀಕ್ಷೆ. ಚಕ್ರ ಒಂದಿಷ್ಟೂ ಅತ್ತಿತ್ತ ಓಲಾಡಬಾರದು. ಸೆನ್ಸರ್ ಹಿಡಿದ ಪಟ್ಟಿ ಅದುರಿದರೆ ಎಣಿಕೆ ತಪ್ಪುತ್ತದೆ. ಸೆನ್ಸರಿನ ತಂತಿಗೆ ಲೋಹದ ಹೊದಿಕೆ ಇರಬೇಕು, ಆ ಹೊದಿಕೆಯನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಬೇಕು. ಇಲ್ಲವಾದರೆ ಪಕ್ಕದ ಕಿಡಿಯ ಗದ್ದಲವನ್ನೇ ಅದು ಹಲ್ಲೆಂದು ಎಣಿಸೀತು. ಎರಡು ತಂತಿ ಅದಲುಬದಲಾದರೂ ಗಳಿಗೆ ಕೆಡುತ್ತದೆ.

ಪಿಸ್ಟನ್ನಿನ ಮೇಲ್ತುದಿ ಕಂಡುಹಿಡಿಯುವುದು ಹೇಗೆ? ತುದಿಯ ಬಳಿ ಪಿಸ್ಟನ್ ಚಲಿಸುವುದೇ ಗೊತ್ತಾಗದಷ್ಟು ನಿಧಾನ, ಕಣ್ಣಂದಾಜು ನಡೆಯದು. ಜಾಣರು ಹೀಗೆ ಮಾಡುತ್ತಾರೆ: ಪ್ಲಗ್ಗಿನ ತೂತಿಗೆ ಪಿಸ್ಟನ್ನನ್ನು ತಡೆಯುವಂತೆ ಒಂದು ಬೋಲ್ಟ್ ಹಾಕಿ, ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ತಾಗಿದಲ್ಲಿ ಪುಲ್ಲಿಯ ಮೇಲೆ ಗುರುತು ಮಾಡುತ್ತಾರೆ. ಆಮೇಲೆ ಉಲ್ಟಾ ತಿರುಗಿಸಿ ಇನ್ನೊಂದು ಗುರುತು. ಎರಡರ ನಡುಮಧ್ಯವೇ ಮೇಲ್ತುದಿ. ಕಂಸವನ್ನು ಎರಡು ಸಮಭಾಗ ಮಾಡುವ ರೇಖಾಗಣಿತ ಇಲ್ಲಿ ಗ್ರೀಸು ಮೆತ್ತಿಕೊಂಡು ನಿಂತಿದೆ.

ಕೊನೆಗೆ ಟೈಮಿಂಗ್ ಲೈಟ್ ಹಿಡಿದು ತಾಳೆ ನೋಡಬೇಕು. ಕಿಡಿ ಹಾರಿದಾಗಲೆಲ್ಲ ಮಿನುಗುವ ಈ ದೀಪದ ಬೆಳಕಿನಲ್ಲಿ ಗಿರ್ರನೆ ತಿರುಗುವ ಪುಲ್ಲಿಯ ಗುರುತು ಕಲ್ಲಿನಂತೆ ನಿಂತು ಕಾಣುತ್ತದೆ. ವ್ಯರ್ಥ ಕಿಡಿಯೂ ದೀಪವನ್ನು ಹೊತ್ತಿಸುವುದರಿಂದ, ಡಿಗ್ರಿ ತಿರುಗಿಸುವ ಡಯಲ್ ಇರುವ ಕೆಲವು ದೀಪಗಳು ಇಲ್ಲಿ ದುಪ್ಪಟ್ಟು ತೋರಿಸಿ ಮೋಸ ಮಾಡುತ್ತವೆ.

ಇಷ್ಟೆಲ್ಲ ಕಟ್ಟುನಿಟ್ಟು ಏಕೆಂದರೆ, 3000 ಸುತ್ತಿನ ವೇಗದಲ್ಲಿ ಒಂದು ಡಿಗ್ರಿಯೆಂದರೆ ಸೆಕೆಂಡಿನ ಹದಿನೆಂಟು ಸಾವಿರದಲ್ಲೊಂದು ಪಾಲು. ಕಿಡಿ ತಡವಾದರೆ ಶಕ್ತಿ ಕಡಿಮೆ, ಎಂಜಿನ್ ಬಿಸಿ. ಬೇಗ ತಿಳಿಯುತ್ತದೆ, ಸರಿಪಡಿಸಬಹುದು. ತೀರಾ ಮೊದಲೇ ಆದರೆ, ಮೇಲೇರುತ್ತಿರುವ ಪಿಸ್ಟನ್ನಿನ ಎದುರೇ ಒತ್ತಡ ಏರಿ, ಇನ್ನೂ ಉರಿಯದೆ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಡಬ್ಬದಲ್ಲಿ ಕಲ್ಲು ಕುಲುಕಿದಂಥ ಸದ್ದು. ಅದನ್ನು ಕೇಳಿಯೂ ಆಕ್ಸಲರೇಟರ್ ಒತ್ತುತ್ತ ಹೋದವರ ಪಿಸ್ಟನ್ ಕರಗಿ ತೂತಾದದ್ದುಂಟು. ಹೆಚ್ಚು ವೇಗದಲ್ಲಿ ಆ ಸದ್ದು ಗಾಳಿಯ ಗದ್ದಲದಲ್ಲಿ ಕೇಳಿಸುವುದೂ ಇಲ್ಲ. ಆದ್ದರಿಂದ ಆ ನೂರು ಮನೆಗಳನ್ನು ತುಂಬುವಾಗ ಅನುಭವಿಗಳು ಜಿಪುಣರಾಗಿರುತ್ತಾರೆ. ಪೂರ್ಣ ಹೊರೆಯ ಮನೆಗಳಲ್ಲಿ ಒಂದೆರಡು ಡಿಗ್ರಿ ಕಡಿಮೆಯೇ ಇಟ್ಟು ಶುರುಮಾಡುತ್ತಾರೆ.

ಪೆಟ್ರೋಲಿನ ಲೆಕ್ಕ

ಇನ್ನೂ ಮುಂದೆ ಹೋದವರು ಕಾರ್ಬ್ಯುರೇಟರನ್ನೂ ಕಿತ್ತು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಹಾಕುತ್ತಾರೆ. ಇದಕ್ಕೆ ಹಾದಿ ತೆರೆದವರು ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ. 2001ರಲ್ಲಿ ಅವರು ರೂಪಿಸಿದ ‘ಮೆಗಾಸ್ಕ್ವರ್ಟ್’ ಕಿಟ್ಟಿನೊಳಗೆ ಇದ್ದದ್ದು ಮೋಟರೋಲಾದ ಸಾಧಾರಣ 8 ಬಿಟ್ ಚಿಪ್. ಕಾರ್ಖಾನೆಗಳ ಗುಟ್ಟಾಗಿದ್ದ ವಿದ್ಯೆ ಹೀಗೆ ಮನೆಯ ಶೆಡ್ಡಿಗೆ ಬಂತು. ಅದರ ಲೆಕ್ಕದ ಬೇರು ಪಿಯುಸಿಯ ಅನಿಲ ಸಮೀಕರಣ: ಒತ್ತಡ, ಗಾತ್ರ, ಉಷ್ಣತೆ ಗೊತ್ತಿದ್ದರೆ ಸಿಲಿಂಡರ್ ಎಷ್ಟು ಗಾಳಿ ಎಳೆದುಕೊಂಡಿತೆಂದು ಹೇಳಬಹುದು, ಸುಮಾರು 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್. ಆಮೇಲೆ ಆಸ್ಟ್ರೇಲಿಯದ ಜೋಶ್ ಸ್ಟೀವರ್ಟ್ ಆರಂಭಿಸಿದ ‘ಸ್ಪೀಡುಯಿನೊ’, ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಪರಿಚಿತವಾದ ಆರ್ಡುಯಿನೊ ಮೆಗಾ ಫಲಕದ ಮೇಲೆ ಇದೇ ಕೆಲಸ ಮಾಡುತ್ತದೆ. ಅದರ ನಕ್ಷೆ, ಪ್ರೋಗ್ರಾಮು ಎರಡೂ ಎಲ್ಲರಿಗೂ ಮುಕ್ತ.

ಹಾಗಿದ್ದರೂ ಮಿನಿಯವರು ಬಹುಮಟ್ಟಿಗೆ ಕಿಡಿಯಷ್ಟಕ್ಕೇ ನಿಲ್ಲುತ್ತಾರೆ. ಅದರ ಎಂಜಿನ್ನಿನಲ್ಲಿ ಎರಡೆರಡು ಸಿಲಿಂಡರ್‌ಗೆ ಗಾಳಿ ಬರುವ ಬಾಗಿಲು ಒಂದೇ. ಉರಿಯುವ ಸರದಿ 1, 3, 4, 2. ಹೀಗಾಗಿ ಒಂದೇ ಬಾಗಿಲಿನ 1 ಮತ್ತು 2 ಒಂದರ ಬೆನ್ನಿಗೊಂದು ಎಳೆದುಕೊಂಡು, ಆಮೇಲೆ ಬಹಳ ಹೊತ್ತು ಸುಮ್ಮನಿರುತ್ತವೆ. ಬಾಗಿಲಲ್ಲಿ ಪೆಟ್ರೋಲ್ ಸಿಂಪಡಿಸಿದರೆ ಅಣ್ಣನಿಗೆ ಎಷ್ಟು, ತಮ್ಮನಿಗೆ ಎಷ್ಟು ಎಂಬುದೇ ಜಗಳ. ಬುದ್ಧಿವಂತಿಕೆ ಇರುವುದು ಎಲ್ಲಿ ನಿಲ್ಲಬೇಕೆಂದು ತಿಳಿಯುವುದರಲ್ಲಿಯೂ ಹೌದು.

ಇದನ್ನೋದಿದ ಮಗ ಮನೆಯ ಬೈಕಿನತ್ತ ಸ್ಪ್ಯಾನರ್ ಹಿಡಿದು ಹೊರಟರೆ ಪಾಲಕರು ತಡೆಯುವುದೇ ಒಳ್ಳೆಯದು. ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಹೊಗೆ ತಪಾಸಣೆಯ ಕಟ್ಟಳೆ ಬೇರೆ ಇದೆ. ಕಾಯಿಲ್‌ನ ಹೈವೋಲ್ಟೇಜ್ ಕೂಡ ಆಟವಾಡುವ ವಸ್ತುವಲ್ಲ.

ಆದರೆ ಹಲ್ಲೆಣಿಸುವುದಕ್ಕೆ ಎಂಜಿನ್ ಬೇಕೇ ಬೇಕೆಂದಿಲ್ಲ. ತಗಡಿನಲ್ಲಿ 35 ಹಲ್ಲಿನ ಚಕ್ರ ಕತ್ತರಿಸಿ, ಬ್ಯಾಟರಿಯಲ್ಲಿ ತಿರುಗುವ ಚಿಕ್ಕ ಮೋಟಾರಿಗೆ ಕೂರಿಸಿ, ಅಯಸ್ಕಾಂತಕ್ಕೆ ಕೆಲವು ನೂರು ಸುತ್ತು ತಾಮ್ರದ ತಂತಿ ಸುತ್ತಿ ಪಕ್ಕದಲ್ಲಿ ಹಿಡಿದರೆ ಕಾಲೇಜಿನ ಆಸಿಲೋಸ್ಕೋಪಿನಲ್ಲಿ ಅಲೆಗಳು ಕಾಣುತ್ತವೆ. ಮೋಟಾರು ವೇಗವಾದಂತೆ ಅಲೆಗಳು ಎತ್ತರವಾಗುತ್ತವೆ, ಹಲ್ಲಿಲ್ಲದ ಕಡೆ ಒಂದು ಅಲೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಅಲೆಗಳನ್ನು ಚೌಕವಾಗಿಸುವ ಸಣ್ಣದೊಂದು ಸರ್ಕ್ಯೂಟ್ ನಡುವೆ ಇಟ್ಟು ಆರ್ಡುಯಿನೊಗೆ ಕೊಟ್ಟರೆ, ಉಳಿದದ್ದು ಪ್ರೋಗ್ರಾಮಿನ ಕೆಲಸ: ಎರಡು ಹಲ್ಲುಗಳ ನಡುವಿನ ಅವಧಿ ಹಿಂದಿನ ಅವಧಿಯ ಒಂದೂವರೆ ಪಟ್ಟು ಮೀರಿದರೆ ಅಲ್ಲಿ ಹಲ್ಲಿಲ್ಲ, ಎಣಿಕೆಯನ್ನು ಮತ್ತೆ ಒಂದರಿಂದ ಶುರುಮಾಡು.