‘ದಿನಸಿ’ ಪದ ‘ದಿನ’ದಿಂದ ಬಂದಿದ್ದೇ?

ಕೊಳ್ಳೇಗಾಲ, ಹನೂರು, ಯಳಂದೂರು ಪೇಟೆಗಳಲ್ಲಿ ‘ದಿನಸಿ ಅಂಗಡಿ’ ಎಂಬ ಬೋರ್ಡ್ ಯಾರಿಗೂ ಹೊಸದಲ್ಲ. ಅಕ್ಕಿ, ಬೇಳೆ, ಉಪ್ಪು ದಿನಾ ಬೇಕು, ಅದಕ್ಕೇ ‘ದಿನ’ದಿಂದ ‘ದಿನಸಿ’ ಹುಟ್ಟಿತು ಎಂದು ಹಲವರು ನಂಬಿದ್ದಾರೆ. ಕೇಳಲು ಸರಿಯೆನಿಸುತ್ತದೆ, ಆದರೆ ನಿಜವಲ್ಲ.

ಹಾಗಾದರೆ ಎಲ್ಲಿಂದ ಬಂತು?

ಇದರ ಮೂಲ ಅರಬ್ಬಿಯ ‘ಜಿನ್ಸ್’. ಅರ್ಥ: ಬಗೆ, ಜಾತಿ. ಪಾರ್ಸಿಯಲ್ಲಿ ಇದಕ್ಕೆ ‘ಸರಕು’ ಎಂಬ ಅರ್ಥವೂ ಸೇರಿತು. ಪಾರ್ಸಿ ಆಡಳಿತ ಭಾಷೆಯಾಗಿದ್ದಾಗ ಕಂದಾಯದ ಲೆಕ್ಕದಲ್ಲಿ ಎರಡು ಮಾತು ಜೊತೆಯಾಗಿ ಬರುತ್ತಿದ್ದವು. ಹಣವಾಗಿ ಕೊಟ್ಟರೆ ‘ನಕ್ದ್’, ದವಸಧಾನ್ಯವಾಗಿ ಕೊಟ್ಟರೆ ‘ಜಿನ್ಸ್’. ಮೊದಲನೆಯದು ಕನ್ನಡದಲ್ಲಿ ‘ನಗದು’ ಆಯಿತು. ಎರಡನೆಯದು ‘ಜಿನಸು’, ‘ಜಿನಸಿ’, ‘ದಿನಸಿ’ ಆಯಿತು. ಬಾಕಿ, ವಸೂಲಿ, ರಸೀದಿ ಬಂದದ್ದೂ ಇದೇ ದಾರಿಯಲ್ಲಿ.

ಸಾಕ್ಷಿ ಹನೂರಿನಲ್ಲೇ ಇದೆ

ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರು ಕಡೆ ಕನ್ನಡ, ತಮಿಳು ಎರಡನ್ನೂ ಆಡುವವರು ಇಂದಿಗೂ ಇದ್ದಾರೆ. ಅವರನ್ನು ‘ದಿನುಸು’ ಎಂದರೇನು ಎಂದು ಕೇಳಿ ನೋಡಿ. ತಮಿಳಿನಲ್ಲಿ ‘ಒರು ದಿನುಸು’ ಎಂದರೆ ‘ಒಂದು ಥರ’, ‘ಒಂದು ಬಗೆ’. ತಮಿಳಿನಲ್ಲೂ ‘ದಿನಂ’ ಎಂದರೆ ದಿನವೇ. ಆದರೂ ‘ದಿನುಸು’ವಿಗೂ ದಿನಕ್ಕೂ ಅಲ್ಲಿ ಸಂಬಂಧವಿಲ್ಲ. ತೆಲುಗಿನಲ್ಲಿ ಬೇಳೆಕಾಳುಗಳಿಗೆ ‘ಪಪ್ಪು ದಿನುಸುಲು’ ಎನ್ನುತ್ತಾರೆ. ಒಂದೇ ‘ಜಿನ್ಸ್’ ತಮಿಳಿನಲ್ಲಿ ‘ಬಗೆ’ಯಾಗಿ ಉಳಿಯಿತು, ಕನ್ನಡದಲ್ಲಿ ‘ಸರಕು’ ಆಯಿತು.

ಹಾಗಿದ್ದರೆ ನಮ್ಮದೇ ಪದ ಇಲ್ಲವೇ?

ಇದೆ. ಅದೇ ‘ಸರಕು’. ತಮಿಳಿನ ‘ಸರಕ್ಕು’, ತೆಲುಗಿನ ‘ಸರಕು’ ಇದರ ಒಡಹುಟ್ಟುಗಳು. ಜಿಎಸ್‌ಟಿಯನ್ನು ಕನ್ನಡದಲ್ಲಿ ‘ಸರಕು ಮತ್ತು ಸೇವಾ ತೆರಿಗೆ’ ಎನ್ನುವುದು ನಿಮಗೆ ಗೊತ್ತೇ ಇದೆ.

ಇನ್ನೊಂದು ಸಂಗತಿ

ಅರಬ್ಬಿಯ ‘ಜಿನ್ಸ್’ ಕೂಡ ಎರವಲೇ. ಅದು ಗ್ರೀಕಿನ ‘ಗೆನೊಸ್’ನಿಂದ ಬಂದದ್ದು. ಕುಲ, ಬಗೆ ಎಂಬುದು ಅದರ ಅರ್ಥ. ಈ ‘ಗೆನೊಸ್’ ಮತ್ತು ಸಂಸ್ಕೃತದ ‘ಜನ’ ಒಂದೇ ಬೇರಿನವು. ಹಾಗಾಗಿ ‘ದಿನಸಿ’ಗೆ ‘ದಿನ’ ನೆಂಟನಲ್ಲ, ‘ಜನ’ ದೂರದ ನೆಂಟ!

ಫಾರ್ವರ್ಡ್ ಮಾಡುವ ಮುನ್ನ

ಪದಗಳ ಹುಟ್ಟಿನ ಬಗ್ಗೆ ಮೆಸೇಜ್ ಬಂದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಅಕ್ಕಪಕ್ಕದ ಭಾಷೆಗಳಲ್ಲಿ ಅದೇ ಪದಕ್ಕೆ ಏನು ಅರ್ಥ? ಪದದ ಹಳೆಯ ರೂಪ ಹೇಗಿತ್ತು? ಸದ್ದು ಹೋಲುತ್ತದೆ ಎಂಬುದೊಂದೇ ಪುರಾವೆಯಾಗದು.

ಹೊರಗಿನಿಂದ ಬಂದ ಪದವನ್ನು ಬಿಡಬೇಕು ಎನ್ನುವ ಮೆಸೇಜೂ ಬರಬಹುದು. ಹಾಗೆ ನೋಡಿದರೆ ‘ದಿನ’ವೂ ಸಂಸ್ಕೃತದಿಂದ ಬಂದದ್ದೇ. ನೂರಾರು ವರ್ಷ ನಮ್ಮ ಬಾಯಲ್ಲಿ ಪಳಗಿ, ‘ಜ’ ಹೋಗಿ ‘ದ’ ಆಗಿರುವ ‘ದಿನಸಿ’ ಈಗ ಕನ್ನಡದ್ದೇ ಪದ.