ಮೆಚ್ಚಿದ ದನಿಯಿಂದ ಮತ್ತೊಂದು ದನಿಗೆ: ಹೊಸ ಸಂಗೀತ ಸಿಗುವುದು ಹೇಗೆ?

ಗದಗಿನ ಹುಡುಗನೊಬ್ಬ ಅಂಗಡಿಯೊಂದರಲ್ಲಿ ಮೊಳಗುತ್ತಿದ್ದ ಗ್ರಾಮಫೋನ್ ತಟ್ಟೆಯಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿ ಮರುಳಾದ. ಹಾಗೆ ಹಾಡುವುದನ್ನು ಕಲಿಸಬಲ್ಲ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟ. ಗ್ವಾಲಿಯರ್, ಜಲಂಧರ್‌ವರೆಗೂ ಅಲೆದ ಆತನಿಗೆ ಕೊನೆಗೆ ಗುರು ದೊರೆತದ್ದು ತನ್ನೂರಿಗೆ ಸಮೀಪದ ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವ, ಹುಡುಗ ಪಂಡಿತ್ ಭೀಮಸೇನ ಜೋಶಿ. ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರ ಶಿಷ್ಯರೇ ಆಗಿದ್ದರು ಎಂಬುದು ಇಲ್ಲಿ ಮುಖ್ಯ. ಮೆಚ್ಚಿದ ದನಿಯ ಬೆನ್ನು ಹತ್ತಿದ ಹುಡುಗ ಅದೇ ದನಿಯ ಪರಂಪರೆಯನ್ನು ತಲುಪಿದ್ದ.

ಸಂಗೀತಪ್ರಿಯರಿಗೆ ಚಿರಪರಿಚಿತವಾದ ಈ ಪ್ರಸಂಗಕ್ಕೂ ಇಂದಿನ ಕೇಳುಗನ ಪರಿಸ್ಥಿತಿಗೂ ಅಜಗಜಾಂತರವಿದೆ. ಅಂದು ಕೇಳಲು ಸಿಗುತ್ತಿದ್ದುದೇ ಅಪರೂಪ. ಇಂದು ಸ್ಪಾಟಿಫೈಯಂತಹ ಒಂದೇ ಸೇವೆಯಲ್ಲಿ 10 ಕೋಟಿಗೂ ಹೆಚ್ಚು ಹಾಡುಗಳಿವೆ. ಸಂಗೀತ ಸಿಗುವುದೇ ಎಂಬ ಪ್ರಶ್ನೆ ಹೋಗಿ, ಮುಂದೆ ಏನನ್ನು ಕೇಳಬೇಕು ಎಂಬ ಪ್ರಶ್ನೆ ಬಂದಿದೆ. ಬಹುತೇಕ ಸಂದರ್ಭಗಳಲ್ಲಿ ಇದಕ್ಕೆ ಉತ್ತರ ನೀಡುತ್ತಿರುವುದು ಕಂಪ್ಯೂಟರ್. ಆ ಉತ್ತರ ಎಲ್ಲಿಂದ ಬರುತ್ತದೆ, ಅದು ಎಲ್ಲಿ ಎಡವುತ್ತದೆ ಹಾಗೂ ಕೇಳುಗ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳಲು ಸಾಧ್ಯವೇ ಎಂಬುದನ್ನು ತಿಳಿದಿರುವುದು ಒಳಿತು.

ನೆರೆಯವರ ಅಭಿರುಚಿಯ ಲೆಕ್ಕ

ಕಂಪ್ಯೂಟರ್ ಬಳಸುವ ಮೊದಲ ವಿಧಾನ ಬಾಯಿಮಾತಿನ ಪ್ರಚಾರವನ್ನೇ ಹೋಲುತ್ತದೆ. ಒಬ್ಬ ಕೇಳುಗನಿಗೆ ಸಿ. ಅಶ್ವತ್ಥ್ ಮತ್ತು ಮೈಸೂರು ಅನಂತಸ್ವಾಮಿ ಇಷ್ಟ ಎಂದಿಟ್ಟುಕೊಳ್ಳೋಣ. ಇದೇ ಇಬ್ಬರನ್ನು ಮೆಚ್ಚುವ ಇತರ ಸಾವಿರಾರು ಜನ ಶಿವಮೊಗ್ಗ ಸುಬ್ಬಣ್ಣ ಅವರನ್ನೂ ಕೇಳುತ್ತಿದ್ದರೆ, ಕಂಪ್ಯೂಟರ್ ಈ ಕೇಳುಗನಿಗೂ ಸುಬ್ಬಣ್ಣ ಅವರನ್ನು ಸೂಚಿಸುತ್ತದೆ. ಹಾಡು ಯಾವ ಭಾಷೆಯದು, ಯಾವ ರಾಗದ್ದು ಎಂಬ ಅರಿವು ಅದಕ್ಕೆ ಬೇಕಿಲ್ಲ. ಯಾರು ಯಾವುದನ್ನು ಕೇಳಿದರು ಎಂಬ ಪಟ್ಟಿಯಷ್ಟೇ ಸಾಕು.

ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ 1994ರಲ್ಲಿ ಉಪೇಂದ್ರ ಶಾರದಾನಂದ ಮತ್ತು ಪ್ಯಾಟಿ ಮೇಸ್ ರೂಪಿಸಿದ 'ರಿಂಗೊ' ಈ ಬಗೆಯ ಮೊದಲ ಪ್ರಯತ್ನಗಳಲ್ಲೊಂದು. ಬಳಕೆದಾರರು ತಮಗೆ ಗೊತ್ತಿರುವ ಕಲಾವಿದರಿಗೆ ಅಂಕ ನೀಡಿ ಇ-ಮೇಲ್ ಮಾಡಿದರೆ, ಅವರದೇ ಅಭಿರುಚಿಯ ಇತರರ ಅಂಕಗಳನ್ನು ಆಧರಿಸಿ ಹೊಸ ಹೆಸರುಗಳು ಮರುಉತ್ತರವಾಗಿ ಬರುತ್ತಿದ್ದವು. ಲಂಡನ್ನಿನಲ್ಲಿ 2002ರಲ್ಲಿ ಆರಂಭವಾದ ಲಾಸ್ಟ್ ಎಫ್‌ಎಂ ಈ ಕೆಲಸವನ್ನು ಇನ್ನಷ್ಟು ಸುಲಭಗೊಳಿಸಿತು. ರಿಚರ್ಡ್ ಜೋನ್ಸ್ ಎಂಬ ವಿದ್ಯಾರ್ಥಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ್ದ ತಂತ್ರಾಂಶ ಅದರೊಡನೆ ಸೇರಿದ ಮೇಲೆ, ಬಳಕೆದಾರ ಅಂಕ ನೀಡುವ ಅಗತ್ಯವೂ ಉಳಿಯಲಿಲ್ಲ. ಆತ ಕೇಳಿದ ಪ್ರತಿ ಹಾಡೂ ತಾನಾಗಿಯೇ ದಾಖಲಾಗತೊಡಗಿತು.

ಹಾಡಿನ ಒಳಗನ್ನು ಅಳೆಯುವ ಬಗೆ

ಎರಡನೆಯ ವಿಧಾನ ಕೇಳುಗರನ್ನು ಬಿಟ್ಟು ಹಾಡನ್ನೇ ಪರೀಕ್ಷಿಸುತ್ತದೆ. ಅಮೆರಿಕದ ಪ್ಯಾಂಡೋರಾ ಸಂಸ್ಥೆ ಸಂಗೀತ ಬಲ್ಲ ತಜ್ಞರನ್ನು ನೇಮಿಸಿ, ಒಂದೊಂದು ಹಾಡನ್ನೂ ಆಲಿಸಿ ಅದರ ಗುಣಲಕ್ಷಣಗಳನ್ನು ಗುರುತಿಸುವ ಯೋಜನೆಯನ್ನು 2000ದ ಸುಮಾರಿಗೆ ಕೈಗೊಂಡಿತು. ಗಾಯಕನ ಕಂಠ, ಲಯ, ವಾದ್ಯಗಳು, ಸ್ವರಸಂಯೋಜನೆ ಎಂದು ಗರಿಷ್ಠ 450 ಲಕ್ಷಣಗಳವರೆಗೆ ಪಟ್ಟಿ ಬೆಳೆಯಿತು. ಒಂದು ಹಾಡಿಗೆ 20ರಿಂದ 30 ನಿಮಿಷ ಬೇಕಾಗುತ್ತಿತ್ತು. ಯಾರೂ ಕೇಳದ ಕಲಾವಿದನ ಹಾಡಿಗೂ ಈ ಪದ್ಧತಿಯಲ್ಲಿ ಸಮಾನ ಸ್ಥಾನವಿತ್ತು ಎಂಬುದು ಅದರ ಹೆಗ್ಗಳಿಕೆ. ನಿಧಾನಗತಿ ಅದರ ಮಿತಿ.

ಈ ಕೆಲಸವನ್ನು ಕಂಪ್ಯೂಟರ್‌ಗಳೇ ಮಾಡಬಲ್ಲ ಕಾಲ ಬಂದ ನಂತರ ಎರಡೂ ವಿಧಾನಗಳು ಬೆರೆತವು. ಹಾಡುಗಳ ಧ್ವನಿವಿಶ್ಲೇಷಣೆಯಲ್ಲಿ ಹೆಸರು ಮಾಡಿದ್ದ ಎಕೋ ನೆಸ್ಟ್ ಸಂಸ್ಥೆಯನ್ನು ಸ್ಪಾಟಿಫೈ 2014ರಲ್ಲಿ ಖರೀದಿಸಿತು. 2015ರ ಜುಲೈನಲ್ಲಿ ಆರಂಭವಾದ 'ಡಿಸ್ಕವರ್ ವೀಕ್ಲಿ' ಪ್ರತಿ ಸೋಮವಾರ ಪ್ರತಿಯೊಬ್ಬ ಬಳಕೆದಾರನಿಗೂ ಪ್ರತ್ಯೇಕವಾಗಿ 30 ಹಾಡುಗಳನ್ನು ಆಯ್ದು ಕೊಡುವ ಪಟ್ಟಿಯಾಗಿ ಪ್ರಸಿದ್ಧವಾಯಿತು. 2019ರ ಫೆಬ್ರುವರಿಯಲ್ಲಿ ಸ್ಪಾಟಿಫೈ ಭಾರತಕ್ಕೂ ಬಂದಿತು.

ಜನಪ್ರಿಯತೆಯ ಸುಳಿ

ಇಷ್ಟೆಲ್ಲ ಇದ್ದರೂ, ಕಂಪ್ಯೂಟರ್ ಸೂಚಿಸುವ ಹೆಸರುಗಳು ಕೆಲವೇ ದಿನಗಳಲ್ಲಿ ಸುತ್ತಿದಲ್ಲೇ ಸುತ್ತುತ್ತವೆ ಎಂಬುದು ಅನೇಕ ಕೇಳುಗರ ದೂರು. ಇದಕ್ಕೆ ಕಾರಣ ವಿಧಾನದಲ್ಲಿಯೇ ಇದೆ. ಹೆಚ್ಚು ಜನ ಕೇಳಿದ ಕಲಾವಿದನ ಬಗ್ಗೆ ಹೆಚ್ಚು ಮಾಹಿತಿ ಇರುತ್ತದೆ. ಮಾಹಿತಿ ಹೆಚ್ಚಿದ್ದಷ್ಟೂ ಆತ ಹೆಚ್ಚು ಜನರಿಗೆ ಸೂಚಿತನಾಗುತ್ತಾನೆ, ಅದರಿಂದ ಇನ್ನಷ್ಟು ಜನ ಕೇಳುತ್ತಾರೆ. ಯಾರೂ ಕೇಳದ ಧ್ವನಿಮುದ್ರಣದ ಬಗ್ಗೆ ಲೆಕ್ಕ ಹಾಕಲು ಏನೂ ಇರುವುದಿಲ್ಲವಾದ್ದರಿಂದ, ಅದು ಇದ್ದಲ್ಲೇ ಉಳಿಯುತ್ತದೆ.

ಈ ಪ್ರವೃತ್ತಿ ಎಷ್ಟು ಬಲವಾದದ್ದೆಂಬುದನ್ನು ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿಕೊಟ್ಟಿತು. ಅಪರಿಚಿತ ತಂಡಗಳ 48 ಹಾಡುಗಳನ್ನು 14,341 ಜನರ ಮುಂದೆ ಇಡಲಾಯಿತು. ಕೆಲವರಿಗೆ ಹಾಡುಗಳಷ್ಟೇ ಕಂಡವು. ಉಳಿದವರನ್ನು ಎಂಟು ಪ್ರತ್ಯೇಕ ಗುಂಪುಗಳಾಗಿ ವಿಂಗಡಿಸಿ, ತಮ್ಮ ಗುಂಪಿನ ಇತರರು ಯಾವ ಹಾಡನ್ನು ಎಷ್ಟು ಬಾರಿ ಇಳಿಸಿಕೊಂಡರೆಂಬುದನ್ನೂ ತೋರಿಸಲಾಯಿತು. ಇತರರ ಆಯ್ಕೆ ಕಂಡ ಗುಂಪುಗಳಲ್ಲಿ ಗೆದ್ದ ಹಾಡು ಭಾರಿಯಾಗಿ ಗೆದ್ದಿತು, ಸೋತದ್ದು ಪೂರ್ತಿ ಸೋತಿತು. ಕುತೂಹಲದ ಸಂಗತಿಯೆಂದರೆ ಗೆದ್ದ ಹಾಡು ಎಲ್ಲ ಗುಂಪುಗಳಲ್ಲೂ ಒಂದೇ ಆಗಿರಲಿಲ್ಲ. ತೀರ ಉತ್ತಮ ಹಾಡುಗಳು ನೆಲಕಚ್ಚಿದ್ದು ಅಪರೂಪ, ತೀರ ಕಳಪೆಯವು ಮೇಲೇರಿದ್ದೂ ಅಪರೂಪ. ನಡುವಿನ ಹಾಡುಗಳ ಹಣೆಬರಹವನ್ನು ಮಾತ್ರ ಆರಂಭದ ಕೆಲವೇ ಕೇಳುಗರು ಬರೆದಿದ್ದರು.

ಇದರ ಪರಿಣಾಮ ಅಭಿರುಚಿಗಷ್ಟೇ ಸೀಮಿತವಲ್ಲ. 2024ರಿಂದ ಸ್ಪಾಟಿಫೈಯಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಲ್ಪಡದ ಹಾಡಿಗೆ ರಾಯಧನದಲ್ಲಿ ಪಾಲಿಲ್ಲ. ಅಲ್ಲದೆ ಅಲ್ಲಿ 30 ಸೆಕೆಂಡು ಕೇಳಿದರೆ ಒಂದು ಎಣಿಕೆ. ಮೂರು ನಿಮಿಷದ ಚಿತ್ರಗೀತೆಗೂ ನಲವತ್ತು ನಿಮಿಷದ ವಿಲಂಬಿತ ಖಯಾಲಿಗೂ ಲೆಕ್ಕ ಒಂದೇ. ಕೇಳುಗ ಯಾರನ್ನು ಹುಡುಕಿಕೊಂಡು ಹೋಗುತ್ತಾನೆ ಎಂಬುದರ ಮೇಲೆ ಸಣ್ಣ ಭಾಷೆಗಳ, ದೀರ್ಘ ಪ್ರಕಾರಗಳ ಕಲಾವಿದರ ಗಳಿಕೆಯೂ ನಿಂತಿದೆ.

ರಾಗ ಅರಿಯದ ಅಳತೆಗೋಲು

ಭಾರತೀಯ ಸಂಗೀತದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಧ್ವನಿವಿಶ್ಲೇಷಣೆಯ ತಂತ್ರಗಳು ಬೆಳೆದದ್ದು ಬಹುಪಾಲು ಪಾಶ್ಚಾತ್ಯ ಜನಪ್ರಿಯ ಸಂಗೀತವನ್ನು ಆಧರಿಸಿ. ನಮ್ಮಲ್ಲಿ ಪ್ರತಿ ಗಾಯಕನೂ ತನ್ನ ಕಂಠಕ್ಕೆ ಒಗ್ಗುವ ಶ್ರುತಿಯಲ್ಲಿ ಹಾಡುತ್ತಾನೆ. ಷಡ್ಜ ಎಲ್ಲಿದೆಯೆಂದು ತಿಳಿಯದೆ ರಾಗ ಗುರುತಿಸಲಾಗದು. ಗಮಕ, ಮೀಂಡ್‌ಗಳನ್ನು ಬಿಡಿ ಸ್ವರಗಳಾಗಿ ಕತ್ತರಿಸಿ ಅಳೆದರೆ ರಾಗದ ಜೀವವೇ ಕೈತಪ್ಪುತ್ತದೆ.

ಈ ಕೊರತೆಯನ್ನು ತುಂಬಲೆಂದೇ ಸ್ಪೇನ್‌ನ ಬಾರ್ಸಿಲೋನಾದ ಪೊಂಪ್ಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಕ್ಸೇವಿಯರ್ ಸೆರಾ ಅವರ ನೇತೃತ್ವದಲ್ಲಿ 'ಕಾಂಪ್‌ಮ್ಯೂಸಿಕ್' ಯೋಜನೆ 2011ರಲ್ಲಿ ಆರಂಭವಾಯಿತು. ಹಿಂದೂಸ್ತಾನಿ, ಕರ್ನಾಟಕ ಸಂಗೀತಗಳೂ ಸೇರಿದಂತೆ ಐದು ಪರಂಪರೆಗಳನ್ನು ಅವುಗಳದೇ ಪರಿಭಾಷೆಯಲ್ಲಿ ವಿಶ್ಲೇಷಿಸುವುದು ಅದರ ಉದ್ದೇಶವಾಗಿತ್ತು. ಮದ್ರಾಸ್ ಮತ್ತು ಬಾಂಬೆ ಐಐಟಿಗಳ ಸಂಶೋಧಕರೂ ಕೈಜೋಡಿಸಿದ್ದರು. ಆದರೆ ಪ್ರಯೋಗಾಲಯದ ಫಲ ದಿನನಿತ್ಯದ ಮೊಬೈಲ್ ಸೇವೆಗಳಲ್ಲಿ ಕಾಣಬೇಕಾದರೆ, ಹಾಡಿನೊಂದಿಗೆ ರಾಗ, ರಚನಕಾರ, ಪಕ್ಕವಾದ್ಯದವರ ಹೆಸರುಗಳು ಸರಿಯಾಗಿ ದಾಖಲಾಗಿರಬೇಕು. ಒಬ್ಬನೇ ಗಾಯಕನ ಹೆಸರು ಎರಡು ಮೂರು ಬಗೆಯ ಕಾಗುಣಿತದಲ್ಲಿ ನಮೂದಾದರೆ ಕಂಪ್ಯೂಟರ್‌ಗೆ ಆತ ಎರಡು ಮೂರು ಮಂದಿಯಾಗುತ್ತಾನೆ.

ಗುರುಪರಂಪರೆಯೇ ನಕ್ಷೆ

ಹಾಗಾದರೆ ಕೇಳುಗನಿಗೆ ಬೇರೆ ದಾರಿಯೇ ಇಲ್ಲವೇ? ಇದೆ. ಅದು ಕಂಪ್ಯೂಟರ್‌ಗಿಂತ ಬಹಳ ಹಳೆಯದು. ಮೆಚ್ಚಿದ ಕಲಾವಿದನ ಗುರು ಯಾರು, ಸಹಪಾಠಿಗಳು ಯಾರು, ಜೊತೆಗೆ ನುಡಿಸಿದವರು ಯಾರು ಎಂದು ವಿಚಾರಿಸುತ್ತ ಹೋಗುವುದೇ ಆ ದಾರಿ.

ಭೀಮಸೇನ ಜೋಶಿ ಅವರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸವಾಯಿ ಗಂಧರ್ವರ ಬಳಿ ಕಲಿತವರಲ್ಲಿ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಮತ್ತು ಮುಂಬೈಯ ಫಿರೋಜ್ ದಸ್ತೂರ್ ಸೇರಿದ್ದಾರೆ. ಒಂದೇ ಪಾಠ ಮೂರು ಕಂಠಗಳಲ್ಲಿ ಹೇಗೆ ಬೇರೆಬೇರೆಯಾಯಿತು ಎಂಬುದನ್ನು ಈ ಮೂವರನ್ನು ಒಂದರ ಹಿಂದೆ ಒಂದು ಕೇಳಿದರೆ ತಿಳಿಯುತ್ತದೆ. ಒಂದು ತಲೆಮಾರು ಹಿಂದೆ ಸರಿದರೆ ಅಬ್ದುಲ್ ಕರೀಂ ಖಾನ್ (1872-1937). ಅವರ ಮಕ್ಕಳಾದ ಸುರೇಶಬಾಬು ಮಾನೆ ಮತ್ತು ಹೀರಾಬಾಯಿ ಬಡೋದೇಕರ್ ಅವರಿಂದ ಕಲಿತವರು 2024ರಲ್ಲಿ ನಿಧನರಾದ ಪ್ರಭಾ ಅತ್ರೆ.

ಇದೇ ಕಿರಾನಾ ಘರಾಣೆಯ ಇನ್ನೊಂದು ಕವಲು ಅಬ್ದುಲ್ ವಾಹಿದ್ ಖಾನರದು. ಅವರ ಶಿಷ್ಯ ಪಂಡಿತ್ ಪ್ರಾಣನಾಥ್ 1970ರಲ್ಲಿ ಅಮೆರಿಕಕ್ಕೆ ತೆರಳಿದರು. ಅಲ್ಲಿ ಅವರ ಶಿಷ್ಯತ್ವ ಸ್ವೀಕರಿಸಿದವರಲ್ಲಿ ಸಂಗೀತ ಸಂಯೋಜಕರಾದ ಲಾ ಮಾಂಟ್ ಯಂಗ್ ಮತ್ತು ಟೆರ್ರಿ ರೈಲಿ ಪ್ರಮುಖರು. ಟೆರ್ರಿ ರೈಲಿಯವರ ಹೆಸರನ್ನು ಬ್ರಿಟನ್ನಿನ 'ದ ಹೂ' ರಾಕ್ ತಂಡ 1971ರ ತನ್ನ 'ಬಾಬಾ ಒ ರೈಲಿ' ಹಾಡಿನ ಶೀರ್ಷಿಕೆಯಲ್ಲಿ ಮೆಹರ್ ಬಾಬಾ ಅವರ ಹೆಸರಿನೊಡನೆ ಸೇರಿಸಿತು. ಕುಂದಗೋಳದಿಂದ ಹೊರಟ ಕೇಳುಗ ಕೆಲವೇ ಹೆಜ್ಜೆಗಳಲ್ಲಿ ಲಂಡನ್ನಿನ ರಾಕ್ ಸಂಗೀತಕ್ಕೆ ಬಂದು ನಿಲ್ಲುತ್ತಾನೆ. ಪ್ರತಿ ಹೆಜ್ಜೆಗೂ ಒಂದು ನಿಜವಾದ ಸಂಬಂಧವಿದೆ.

ಚಿತ್ರಗೀತೆಗಳ ಕೇಳುಗರಿಗೂ ಇದು ಅನ್ವಯಿಸುತ್ತದೆ. 1966ರ 'ಸಂಧ್ಯಾರಾಗ' ಚಿತ್ರದಲ್ಲಿ ಭೀಮಸೇನ ಜೋಶಿ ಹಾಗೂ ಎಂ. ಬಾಲಮುರಳಿಕೃಷ್ಣ ಇಬ್ಬರೂ ಹಾಡಿದ್ದಾರೆ. ಸಂಗೀತ ನಿರ್ದೇಶಕರು ಜಿ.ಕೆ. ವೆಂಕಟೇಶ್. ಅವರ ಬಳಿ ಸಹಾಯಕರಾಗಿ ದುಡಿದವರು ಇಳಯರಾಜ. ಇಳಯರಾಜ ಅವರ ವಾದ್ಯವೃಂದದಲ್ಲಿ ಕೀಬೋರ್ಡ್ ನುಡಿಸಿದವರು ಎ.ಆರ್. ರೆಹಮಾನ್. ಚಿತ್ರಗೀತೆಯನ್ನು ಗಾಯಕನ ಹೆಸರಿನಿಂದ ಮಾತ್ರ ಹುಡುಕುವವರಿಗೆ ಈ ಸರಪಳಿ ಕಾಣುವುದೇ ಇಲ್ಲ.

ಪಕ್ಕವಾದ್ಯ, ರಾಗ, ಕವಿ

ಕರ್ನಾಟಕ ಸಂಗೀತದಲ್ಲಿ ಪಕ್ಕವಾದ್ಯದವರು ಒಳ್ಳೆಯ ದಾರಿದೀಪ. ಏಳು ತಂತಿಯ ಪಿಟೀಲಿನಿಂದ ಖ್ಯಾತರಾದ ಮೈಸೂರು ಟಿ. ಚೌಡಯ್ಯ ಅವರ ಧ್ವನಿಮುದ್ರಣಗಳನ್ನು ಅರಸಿದವರಿಗೆ ಚೆಂಬೈ ವೈದ್ಯನಾಥ ಭಾಗವತರು ಸಿಗುತ್ತಾರೆ. ಚೆಂಬೈ ಅವರ ಶಿಷ್ಯರಲ್ಲಿ ಕೆ.ಜೆ. ಯೇಸುದಾಸ್ ಒಬ್ಬರು.

ರಾಗ ಇನ್ನೊಂದು ಸೇತುವೆ. ಮೋಹನ ಇಷ್ಟಪಡುವವರು ಹಿಂದೂಸ್ತಾನಿಯ ಭೂಪಾಲಿಯನ್ನೂ, ಹಿಂದೋಳ ಇಷ್ಟಪಡುವವರು ಮಾಲಕೌಂಸವನ್ನೂ, ಕಲ್ಯಾಣಿ ಇಷ್ಟಪಡುವವರು ಯಮನನ್ನೂ ಕೇಳಬಹುದು. ಸ್ವರಗಳು ಒಂದೇ ಆದರೂ ನಡೆ ಬೇರೆ. ಪರಿಚಿತವಾದದ್ದು ಅಪರಿಚಿತವಾಗಿ ಕೇಳಿಸುವ ಸುಖ ಅಲ್ಲಿದೆ.

ಸುಗಮ ಸಂಗೀತದಲ್ಲಿ ಕವಿಯನ್ನು ಹಿಂಬಾಲಿಸುವುದು ಉಪಯುಕ್ತ. ಶಿಶುನಾಳ ಷರೀಫರ ಒಂದೇ ತತ್ವಪದವನ್ನು ಸುಗಮ ಸಂಗೀತದ ವೇದಿಕೆಯಲ್ಲೂ, ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲೂ ಕೇಳಿದಾಗ ಎರಡು ಲೋಕಗಳು ತೆರೆದುಕೊಳ್ಳುತ್ತವೆ.

ಕೇಳುಗ ಮಾಡಬಹುದಾದುದು

ಕಂಪ್ಯೂಟರಿನ ಸಲಹೆಯನ್ನು ಸಂಪೂರ್ಣ ತಿರಸ್ಕರಿಸುವ ಅಗತ್ಯವಿಲ್ಲ. ಅದನ್ನು ತಿದ್ದಬಹುದು. ಹಿಡಿಸಿದ ಹಾಡನ್ನು ಉಳಿಸಿಕೊಳ್ಳುವುದು, ಹಿಡಿಸದ್ದನ್ನು ಆರಂಭದಲ್ಲೇ ದಾಟಿಸುವುದು, ಮಕ್ಕಳಿಗಾಗಿ ಹಾಕುವ ಹಾಡುಗಳಿಗೆ ಬೇರೆ ಖಾತೆ ಇಟ್ಟುಕೊಳ್ಳುವುದು ಮುಂತಾದ ಸಣ್ಣ ಕ್ರಮಗಳಿಂದ ಸಲಹೆಗಳು ಸುಧಾರಿಸುತ್ತವೆ. ತಾನಾಗಿ ಮುಂದಿನ ಹಾಡಿಗೆ ಸಾಗುವ ವ್ಯವಸ್ಥೆಯನ್ನು ಆಗಾಗ ನಿಲ್ಲಿಸಿ, ಹೆಸರು ಬರೆದು ಹುಡುಕಬೇಕು. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೂ, ಬೇರೆ ಬೇರೆ ಕಾಗುಣಿತದಲ್ಲೂ ಬರೆದು ನೋಡಬೇಕು. ಧ್ವನಿಮುದ್ರಣದ ವಿವರಗಳಲ್ಲಿ ಸಂಯೋಜಕ, ಕವಿ, ವಾದ್ಯಗಾರರ ಹೆಸರುಗಳಿದ್ದರೆ ಗುರುತು ಹಾಕಿಕೊಳ್ಳಬೇಕು.

ಹೊಸ ದನಿಯೊಂದನ್ನು ಒಮ್ಮೆ ಕೇಳಿ ಬಿಡುವುದೂ ತರವಲ್ಲ. ವಿಲಂಬಿತ ಖಯಾಲು ತೆರೆದುಕೊಳ್ಳಲು ಸಮಯ ಬೇಡುತ್ತದೆ. 30 ಸೆಕೆಂಡಿನಲ್ಲಿ ಅದರ ಬಗ್ಗೆ ತೀರ್ಪು ನೀಡುವುದು ಅಸಾಧ್ಯ. ಎಲ್ಲಕ್ಕಿಂತ ಮಿಗಿಲಾಗಿ, ಊರಿನಲ್ಲಿ ನಡೆಯುವ ಕಛೇರಿಗಳಿಗೆ ಹೋಗುವುದು ಇಂದಿಗೂ ಉತ್ತಮ ಉಪಾಯ. ಪ್ರಸಿದ್ಧರನ್ನು ಕೇಳಲು ಹೋದವರಿಗೆ ಅವರಿಗಿಂತ ಮುಂಚೆ ಹಾಡಿದ ಯುವ ಕಲಾವಿದರ ಪರಿಚಯವೂ ಆಗುತ್ತದೆ.

ಕುಂದಗೋಳದ ಗುರುವನ್ನು ತಲುಪಲು ಗದಗಿನ ಹುಡುಗ ಉತ್ತರ ಭಾರತವನ್ನೆಲ್ಲ ಸುತ್ತಬೇಕಾಯಿತು. ಇಂದಿನ ಕೇಳುಗ ಮನೆಯಲ್ಲೇ ಕುಳಿತು ಸವಾಯಿ ಗಂಧರ್ವರ ಧ್ವನಿಮುದ್ರಣ ಕೇಳಬಹುದು. ಆ ಹೆಸರನ್ನು ಹುಡುಕುವ ಕೆಲಸ ಮಾತ್ರ ಆತನದೇ.