ದ್ವಿವಚನದ ನಂಟು

ಸಂಸ್ಕೃತವನ್ನು ಕಲಿಯತೊಡಗಿದ ಕನ್ನಡ ವಿದ್ಯಾರ್ಥಿಗೆ ಮೊದಲು ತೊಡಕೆನಿಸುವುದು ದ್ವಿವಚನ. ಕನ್ನಡದಲ್ಲಿ ಒಂದಾದರೆ ಏಕವಚನ, ಒಂದಕ್ಕಿಂತ ಹೆಚ್ಚಾದರೆ ಬಹುವಚನ. ಅಷ್ಟಕ್ಕೇ ಲೆಕ್ಕ ಮುಗಿಯುತ್ತದೆ. ಸಂಸ್ಕೃತದಲ್ಲಾದರೋ ‘ರಾಮಃ, ರಾಮೌ, ರಾಮಾಃ’ ಎಂದು ಮೂರು ಮೆಟ್ಟಿಲುಗಳನ್ನು ಹತ್ತಬೇಕು. ಸಂಸ್ಕೃತದ ಬಳಗಕ್ಕೆ ಸೇರಿದ ಹಿಂದಿ, ಮರಾಠಿ, ಬಂಗಾಳಿಗಳಲ್ಲಿ ಈ ದ್ವಿವಚನ ಎಂದೋ ಅಳಿದುಹೋಗಿದೆ. ಆದರೆ ಯುರೋಪಿನಲ್ಲಿ, ಆಲ್ಪ್ಸ್ ಪರ್ವತಗಳ ತಪ್ಪಲಿನಲ್ಲಿ, ಮನೆಯಲ್ಲಿಯೂ ಸಂತೆಯಲ್ಲಿಯೂ ಶಾಲೆಯ ಅಂಗಳದಲ್ಲಿಯೂ ದ್ವಿವಚನವನ್ನು ಇಂದಿಗೂ ಸಲೀಸಾಗಿ ಆಡುವ ಒಂದು ಜನಾಂಗವಿದೆ. ಅವರ ಭಾಷೆಯೇ ಸ್ಲೊವೀನ್.

ಸ್ಲೊವೇನಿಯಕ್ಕೆ ಪಶ್ಚಿಮದಲ್ಲಿ ಇಟಲಿ, ಉತ್ತರದಲ್ಲಿ ಆಸ್ಟ್ರಿಯ, ಈಶಾನ್ಯದಲ್ಲಿ ಹಂಗೆರಿ, ದಕ್ಷಿಣದಲ್ಲಿ ಕ್ರೊಯೇಷಿಯ ದೇಶಗಳಿವೆ. ಲ್ಯುಬ್ಲ್ಯಾನಾ ಅದರ ರಾಜಧಾನಿ. ಯುಗೋಸ್ಲಾವಿಯದಿಂದ 1991ರಲ್ಲಿ ಸ್ವತಂತ್ರವಾದ ಈ ನಾಡಿನ ಜನಸಂಖ್ಯೆ 20 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಇಲ್ಲಿನ ಭಾಷೆ ರಷ್ಯನ್, ಪೋಲಿಷ್, ಚೆಕ್ ಮೊದಲಾದವುಗಳಂತೆ ಸ್ಲಾವಿಕ್ ಶಾಖೆಗೆ ಸೇರಿದುದು. ಆ ಶಾಖೆಯೂ ಸಂಸ್ಕೃತವೂ ಇಂಡೋ-ಯುರೋಪಿಯನ್ ಎಂಬ ಒಂದೇ ಮಹಾವೃಕ್ಷದ ಕೊಂಬೆಗಳು.

ಈ ನಂಟು ಎಷ್ಟು ನಿಕಟವೆಂಬುದನ್ನು ‘ಇರು’ ಎಂಬರ್ಥದ ಕ್ರಿಯಾಪದದಿಂದಲೇ ತಿಳಿಯಬಹುದು. ಸಂಸ್ಕೃತದ ‘ಅಸ್ಮಿ’ ಎಂಬುದಕ್ಕೆ ಸ್ಲೊವೀನ್‌ನಲ್ಲಿ ‘ಸೆಮ್’, ‘ಅಸಿ’ಗೆ ‘ಸಿ’. ‘ಅಸ್ತಿ’ಗೆ ಸಮನಾದ ರೂಪ ಮಾತ್ರ ಸವೆದು ‘ಯೆ’ ಆಗಿ ಉಳಿದಿದೆ. ‘ನಾವಿಬ್ಬರು ಇದ್ದೇವೆ’ ಎನ್ನಲು ಸಂಸ್ಕೃತದಲ್ಲಿ ‘ಸ್ವಃ’, ಸ್ಲೊವೀನ್‌ನಲ್ಲಿ ‘ಸ್ವಾ’. ‘ನೀವಿಬ್ಬರು’ ಎಂಬಲ್ಲಿ ‘ಸ್ಥಃ’, ‘ಅವರಿಬ್ಬರು’ ಎಂಬಲ್ಲಿ ‘ಸ್ತಃ’. ಸ್ಲೊವೀನ್‌ನಲ್ಲಿ ಎರಡಕ್ಕೂ ‘ಸ್ತಾ’. ಬಹುವಚನದ ‘ಸ್ಮಃ’, ‘ಸ್ಥ’ಗಳಿಗೆ ‘ಸ್ಮೊ’, ‘ಸ್ತೆ’ಗಳು ಜೊತೆಯಾಗಿವೆ. ನಾಮಪದಗಳಲ್ಲಿಯೂ ಇದೇ ಕ್ರಮ. ಸಂಸ್ಕೃತದ ‘ಭ್ರಾತಾ, ಭ್ರಾತರೌ, ಭ್ರಾತರಃ’ ಎಂಬ ಮೂರು ರೂಪಗಳಂತೆ ಸ್ಲೊವೀನ್‌ನಲ್ಲಿ ‘ಬ್ರಾತ್, ಬ್ರಾತಾ, ಬ್ರಾತ್ಯೆ’ ಎಂಬ ಮೂರು ರೂಪಗಳುಂಟು.

ಭೇದಗಳೂ ಇಲ್ಲದಿಲ್ಲ. ಎರಡು ಕಣ್ಣು, ಎರಡು ಕೈಗಳಂತಹ ಸಹಜವಾದ ಜೋಡಿಗಳಿಗೆ ಸಂಸ್ಕೃತವು ‘ನೇತ್ರೇ’, ‘ಹಸ್ತೌ’ ಎಂದು ದ್ವಿವಚನವನ್ನೇ ಬಳಸುತ್ತದೆ. ಸ್ಲೊವೀನ್ ಸಾಮಾನ್ಯವಾಗಿ ಬಹುವಚನವನ್ನು ಬಳಸುತ್ತದೆ. ಸಂಸ್ಕೃತಕ್ಕೆ ಎಂಟು ವಿಭಕ್ತಿಗಳಾದರೆ ಸ್ಲೊವೀನ್‌ಗೆ ಆರು. ಅಲ್ಲಿ ಪಂಚಮಿಯು ಷಷ್ಠಿಯಲ್ಲಿ ಬೆರೆತುಹೋಗಿದೆ. ಸಂಬೋಧನೆಗೆ ಪ್ರಥಮೆಯೇ ಸಾಕಾಗಿದೆ. ಲಿಂಗಗಳು ಮಾತ್ರ ಎರಡು ಭಾಷೆಗಳಲ್ಲಿಯೂ ಮೂರು.

ಪದಗಳ ಸಾಮ್ಯವು ಇನ್ನೂ ಸ್ಪಷ್ಟವಾಗಿದೆ. ಅಗ್ನಿಗೆ ‘ಓಗೆನ್ಯ್’, ಧೂಮಕ್ಕೆ ‘ದಿಮ್’, ಮಧುವಿಗೆ ‘ಮೆದ್’, ಮಾಂಸಕ್ಕೆ ‘ಮೆಸೊ’, ವಿಧವೆಗೆ ‘ವ್ದೋವಾ’, ಆಕಾಶವೆಂಬರ್ಥದ ನಭಸ್ಸಿಗೆ ‘ನೆಬೊ’. ಆದರೆ ಕಿವಿಗೆ ಒಂದೇ ಬಗೆಯಾಗಿ ಕೇಳಿಸಿದ ಮಾತ್ರಕ್ಕೆ ಎರಡು ಪದಗಳು ಬಂಧುಗಳೆಂದು ಹೇಳಲಾಗದು. ಸಾಮ್ಯವು ನಿಯಮಬದ್ಧವಾಗಿರಬೇಕು. ಸಂಸ್ಕೃತದ ‘ಶ’ಕಾರವಿರುವೆಡೆ ಸ್ಲೊವೀನ್‌ನಲ್ಲಿ ‘ಸ’ಕಾರ ಬರುತ್ತದೆ: ಶತ–ಸ್ತೊ, ದಶ–ದೆಸೆತ್. ‘ಹ’ಕಾರವಿರುವೆಡೆ ಹಲವು ಪದಗಳಲ್ಲಿ ‘ಜ಼’ಕಾರ ಬರುತ್ತದೆ: ಹಿಮ–ಜ಼ಿಮಾ, ಅಹಮ್–ಯಾಜ಼್. ‘ಜ಼ಿಮಾ’ ಎಂದರೆ ಚಳಿಗಾಲ. ಹಿಮಾಲಯದ ಹೆಸರಿನಲ್ಲಿಯೂ ಸ್ಲೊವೇನಿಯದ ಚಳಿಗಾಲದ ಹೆಸರಿನಲ್ಲಿಯೂ ಅಡಗಿರುವ ಮೂಲವೊಂದೇ.

ಹಾಗಾದರೆ ಸ್ಲೊವೀನ್ ಸಂಸ್ಕೃತದ ಮಗಳೆ? ಹಾಗೆಂದು ಭಾವಿಸುವುದು ಸುಲಭ. ಆದರೆ ಸಾಕ್ಷ್ಯ ಅದನ್ನು ಒಪ್ಪುವುದಿಲ್ಲ. ‘ದಶ’ ಮತ್ತು ‘ಅಷ್ಟ’ ಎಂಬ ಪದಗಳ ಮೊದಲ ಸ್ವರ ಒಂದೇ ‘ಅ’ಕಾರ. ಸ್ಲೊವೀನ್‌ನಲ್ಲಿ ಅವು ‘ದೆಸೆತ್’, ‘ಓಸೆಮ್’. ಲ್ಯಾಟಿನ್‌ನಲ್ಲಿ ‘ದೆಕೆಮ್’, ‘ಒಕ್ತೊ’. ಸಂಸ್ಕೃತವೇ ತಾಯಿಯಾಗಿದ್ದರೆ, ಒಂದೇ ‘ಅ’ಕಾರವು ಎರಡು ಬೇರೆ ಭಾಷೆಗಳಲ್ಲಿ ಅದೇ ಪದದಲ್ಲಿ ‘ಎ’ ಆಗಿಯೂ ಅದೇ ಮತ್ತೊಂದರಲ್ಲಿ ‘ಒ’ ಆಗಿಯೂ ಒಡೆದುದಕ್ಕೆ ಕಾರಣ ದೊರೆಯದು. ಮೂಲಭಾಷೆಯಲ್ಲಿ ಈ ಸ್ವರಗಳು ಬೇರೆಬೇರೆಯಾಗಿದ್ದು, ಸಂಸ್ಕೃತದಲ್ಲಿ ಒಂದಾಗಿ ಬೆರೆತವೆಂಬುದೇ ಯುಕ್ತ. ಇತ್ತ ‘ಭ್ರಾತೃ’, ‘ಧೂಮ’ಗಳಲ್ಲಿರುವ ಮಹಾಪ್ರಾಣಗಳನ್ನು ಸಂಸ್ಕೃತ ಕಾಪಾಡಿಕೊಂಡಿತು, ಸ್ಲೊವೀನ್ ಕಳೆದುಕೊಂಡಿತು. ಒಬ್ಬಳು ಕಳೆದುದನ್ನು ಇನ್ನೊಬ್ಬಳು ಉಳಿಸಿದ್ದಾಳೆ. ಇವರು ತಾಯಿ-ಮಗಳಲ್ಲ, ಒಂದೇ ಮನೆಯಿಂದ ಹೊರಟ ಸೋದರಿಯರು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಬಹುಶಃ ಈಗ ಉಳಿದಿರದ ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತದಲ್ಲಿ ಸೂಚಿಸಿದನು. ಫ್ರಾನ್ಸ್ ಬಾಪ್ 1816ರಲ್ಲಿ ಕ್ರಿಯಾರೂಪಗಳನ್ನು ಹೋಲಿಸಿ ಈ ವಿಚಾರಕ್ಕೆ ಶಾಸ್ತ್ರದ ತಳಹದಿ ಹಾಕಿದನು. ಸ್ಲಾವಿಕ್ ಭಾಷೆಗಳ ತೌಲನಿಕ ವ್ಯಾಕರಣವನ್ನು ರಚಿಸಿದ ಫ್ರಾನ್ಸ್ ಮಿಕ್ಲೋಶಿಚ್ ಸ್ವತಃ ಸ್ಲೊವೀನ್ ಜನಾಂಗದವನು.

ಇಲ್ಲಿ ಕನ್ನಡದ ಸ್ಥಾನವನ್ನೂ ಗಮನಿಸಬೇಕು. ಮಾತೃ, ಮಧು, ಧೂಮಗಳು ಕನ್ನಡದಲ್ಲಿಯೂ ಬಳಕೆಯಲ್ಲಿವೆ; ಆದರೆ ಅವು ಎರವಲಾಗಿ ಬಂದ ತತ್ಸಮಗಳು. ತಾಯಿ, ಜೇನು, ಹೊಗೆ, ಎರಡು, ಮೂರು ಎಂಬ ಕನ್ನಡದ ಸ್ವಂತ ಪದಗಳು ದ್ರಾವಿಡ ಕುಲದವು. ಬಹು ದೂರದ ಸ್ಲೊವೀನ್ ಸಂಸ್ಕೃತಕ್ಕೆ ರಕ್ತಸಂಬಂಧಿ. ಬಹು ಹತ್ತಿರದ ಕನ್ನಡ ಶತಮಾನಗಳ ಸಹವಾಸದಿಂದಾದ ನೆರೆಯವಳು. ಹುಟ್ಟಿನ ನಂಟು ಬೇರೆ, ಒಡನಾಟದ ನಂಟು ಬೇರೆ.

ಸ್ಲೊವೀನ್ ಉಳಿದುಬಂದ ಬಗೆಯೂ ಸ್ಮರಣೀಯ. ಕ್ರಿ.ಶ. 1000ದ ಸುಮಾರಿಗೆ ಲ್ಯಾಟಿನ್ ಲಿಪಿಯಲ್ಲಿ ಬರೆದ ಫ್ರೈಸಿಂಗ್ ಹಸ್ತಪ್ರತಿಗಳು ಅದರ ಅತಿ ಪ್ರಾಚೀನ ದಾಖಲೆಗಳು. ಪ್ರಿಮೋಜ಼್ ಟ್ರುಬಾರ್ 1550ರಲ್ಲಿ ಅದರ ಮೊದಲ ಮುದ್ರಿತ ಪುಸ್ತಕಗಳನ್ನು ಹೊರತಂದನು. ಶತಮಾನಗಳ ಕಾಲ ಆಳುವವರ ಭಾಷೆ ಜರ್ಮನ್ ಆಗಿತ್ತು. ಮೊದಲ ಮಹಾಯುದ್ಧದ ಬಳಿಕ ಇಟಲಿಯ ವಶವಾದ ಪಶ್ಚಿಮ ಭಾಗದ ಶಾಲೆಗಳಿಂದ, 1923ರಿಂದಾಚೆಗೆ, ಸ್ಲೊವೀನ್ ಭಾಷೆಯನ್ನು ಹೊರದೂಡಲಾಯಿತು. ಆದರೂ ಮನೆಮಾತು ನಿಲ್ಲಲಿಲ್ಲ. 2004ರಲ್ಲಿ ಅದು ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಗಳಲ್ಲೊಂದಾಯಿತು.

ದೊಡ್ಡ ಸಾಮ್ರಾಜ್ಯಗಳ ಭಾಷೆಗಳು ಬಿಟ್ಟುಕೊಟ್ಟ ದ್ವಿವಚನವನ್ನು ಒಂದು ಪುಟ್ಟ ಜನಾಂಗ ತನ್ನ ನಿತ್ಯದ ಮಾತಿನಲ್ಲಿ ಜೋಪಾನಗೊಳಿಸಿದೆ. ಭಾಷೆ ಬಾಳುವುದು ಆಡುವವರ ಸಂಖ್ಯೆಯಿಂದಲ್ಲ, ಆಡುವವರ ಮಮತೆಯಿಂದ. ಭಾಷೆಗಳ ನಂಟನ್ನು ಅರಿಯುವುದು ಯಾವುದು ಹಿರಿದು ಎಂದು ವಾದಿಸುವುದಕ್ಕಲ್ಲ. ದೂರದಲ್ಲಿರುವವರನ್ನೂ ಬಂಧುಗಳೆಂದು ಗುರುತಿಸುವುದಕ್ಕೆ.